ಆಸಿಗೆ

ಅರಸೀಕೆರೆ ಕಚೇರಿಯಲ್ಲಿ ಹನ್ನೊಂದು ವರ್ಷ
ಅರಗು ಕರಗಿಸಿ ಟೆಂಡರ್ ಲಕೋಟೆಗೆ ಮುದ್ರೆ ಒತ್ತಿದೆ;
ಒಳಗೇನಿದೆ ಎಂದು ಕೇಳಿದವಳಲ್ಲ.

ನಲವತ್ತಕ್ಕೆ ಇಲಾಖಾ ಪರೀಕ್ಷೆಗೆ ಕಟ್ಟಿದೆ.
ಬೆಳಗಿನ ರೈಲಿನಲ್ಲಿ, ಕಡಲೆಕಾಯಿ ಸಿಪ್ಪೆಯ ನಡುವೆ,
ಪಾರದರ್ಶಕತೆ ಕಾಯ್ದೆಯ ಕಲಂಗಳನ್ನು
ಮಗ್ಗಿಯಂತೆ ಗುನುಗಿದೆ. ಎರಡು ಸಲ ಡುಮ್ಕಿ.
ರುದ್ರಯ್ಯನವರು ನಕ್ಕರು: ‘ಯಾಕಮ್ಮ, ಈ ವಯಸ್ಸಲ್ಲಿ?’

ಈಗ ಹಾಸನ. ಖರೀದಿ ಶಾಖೆ.
ನನ್ನ ಹೆಸರಿಗೊಂದು ಡಿಜಿಟಲ್ ಕೀ,
ಮನೆಯ ಬೀಗದಕೈ ಗೊಂಚಲಲ್ಲೇ.

ಮೊದಲ ಕಡತ: ಹಾಸ್ಟೆಲ್ ಮಕ್ಕಳಿಗೆ ಹಾಸಿಗೆ.
ಮೂರು ದರಪಟ್ಟಿ, ಮೂರು ಊರಿನವು,
ಮೂರರಲ್ಲೂ ‘ಆಸಿಗೆ’.

ನಮ್ಮವ್ವನೂ ಹಾಗೇ ಅನ್ನುತ್ತಾಳೆ,
ಆಸನ, ಆಸಿಗೆ, ಆಲು.
ಆದರೆ ಅವ್ವ ಟೆಂಡರ್ ಹಾಕುವುದಿಲ್ಲ,
ಹಾಕಿದರೂ ಮೂರು ಹೆಸರಲ್ಲಿ ಹಾಕುವುದಿಲ್ಲ.

ಬಿದ್ದುಹೋದ ಹಕಾರದ ಜಾಗಕ್ಕೆ
ಅರಗಿನ ಬಣ್ಣದ ಶಾಯಿಯಲ್ಲಿ
ಸುತ್ತು ಹಾಕಿದೆ,
ಮೂರು ಸಲ.