ಹಲ್ಲಿಗೊಂದು ತುತ್ತು

ಕುಹ್ಮೊ ಊರಿನಾಚೆ, ಹೆಪ್ಪುಗಟ್ಟಿದ ಸರೋವರದ ದಡದಲ್ಲಿ
ತಗಡಿನ ಮಾಡು, ಎರಡು ಹಳಿ, ಒಂದು ಬಂಡಿ,
ಹಳೇ ಟ್ರ್ಯಾಕ್ಟರಿನಿಂದ ಎಳೆದ ಬೆಲ್ಟು,
ನನ್ನ ಎದೆಮಟ್ಟದ ಗರಗಸದ ಚಕ್ರ.
ಇಷ್ಟನ್ನೂ ನನಗೆ ಮಾರಿದ ಮೇಲೂ
ಏವೆರ್ತಿ ಮೂರು ದಿನ ಬಂದ,
ಕೊಟ್ಟ ಹಸುವನ್ನು ನೋಡಿಹೋಗಲು ಬರುವವನ ಹಾಗೆ.

ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಎಂಜಿನ್ನಿನ ಕೊರಳು ಕೇಳಿಯೇ ಗೇರು ಬದಲಿಸಿದವಳು.
ಇದೇನು ಮಹಾ, ಅಂದುಕೊಂಡಿದ್ದೆ.

ಮೊದಲ ದಿಮ್ಮಿಗೇ ಹೆದರಿದೆ.
ಬಂಡಿಯನ್ನು ಇಷ್ಟಿಷ್ಟೇ ನೂಕಿದೆ.
ಗರಗಸ ತಿನ್ನಲಿಲ್ಲ, ಉಜ್ಜಿತು.
ಹಿಟ್ಟಿನಂಥ ಪುಡಿ ಎದ್ದು
ಮೈನಸ್ ಇಪ್ಪತ್ತಾರರ ಚಳಿಗೆ
ಸೀಳಿನ ಗೋಡೆಗೇ ಅಂಟಿ ಹೆಪ್ಪಾಗಿ
ಚಕ್ರವನ್ನು ಪಕ್ಕಕ್ಕೆ ತಳ್ಳಿತು.
ಹಲಗೆ ಈ ತುದಿಗೆ ಎರಡು ಬೆರಳು ದಪ್ಪ, ಆ ತುದಿಗೆ ಒಂದೂವರೆ,
ನಡುವೆ ಕುಡುಕನ ನಡಿಗೆ.

ತಾಳಿದವನು ಬಾಳಿಯಾನು:
ಆ ಗಾದೆ ಮರ ಕೊಯ್ಯುವವರ ಕೇರಿಯಲ್ಲಿ ಹುಟ್ಟಿದ್ದಲ್ಲ.

ಏವೆರ್ತಿ ಬೆಲ್ಟು ಸಡಿಲಿಸಿದ. ಚಕ್ರ ನಿಂತಿತು.
ನಿಂತ ಮೇಲೂ ನೂರರವರೆಗೆ ಎಣಿಸಿದ.
ಎಡಗೈಯಲ್ಲಿ ಮೂರೇ ಬೆರಳು;
ಆ ಎಣಿಕೆ ಯಾಕೆಂದು ನಾನು ಕೇಳಲಿಲ್ಲ.
ಗವಸು ಕಳಚಿ ಅಂಚನ್ನು ಮುಟ್ಟಿದ, ಆಮೇಲೆ ನಡುವನ್ನು,
ಜ್ವರ ನೋಡುವವನಂತೆ.
"ಅಂಚು ಕಾದಿದೆ, ನಡು ತಣ್ಣಗಿದೆ.
ಹಿಗ್ಗಿದ ಅಂಚು ಎಲ್ಲಿಗೆ ಹೋಗಬೇಕು, ಹೇಳು.
ಅದಕ್ಕೇ ನುಲಿಯುತ್ತದೆ."

"ಬಡಿದು ಹದಮಾಡಿದ ಮುದುಕ ಇದನ್ನು
ನಿಮಿಷಕ್ಕೆ ಆರುನೂರು ಸುತ್ತಿಗೆಂದೇ ಬಡಿದ.
ಕಮ್ಮಿಯಾದರೆ ತೂಗಾಡುತ್ತದೆ, ಹೆಚ್ಚಾದರೂ ತೂಗಾಡುತ್ತದೆ.
ತಿರುಗುವಾಗ ಮಾತ್ರ ನೆಟ್ಟಗಾಗುವ ಜಾತಿ ಇದು,
ನಿಂತಾಗ ನೋಡಿ ಗುಣ ಹೇಳಬೇಡ."

ಎರಡನೇ ದಿನ ಕಾಫಿ ಪೊಟ್ಟಣದ ಕಾಗದ ಹರಿದು
ಚಕ್ರಕ್ಕೂ ಕಾವಲುಗೂಟಕ್ಕೂ ನಡುವೆ ಎಳೆದ.
ಸಿಕ್ಕಬಾರದು, ಸುಮ್ಮನೆ ಜಾರಲೂಬಾರದು,
ಒಂದಿಷ್ಟು ಗೊಣಗಬೇಕು ಕಾಗದ.
ಬೋಲ್ಟಿಗೆ ಕಾಲು ತಿರುವು. ಮತ್ತೆ ಅರ್ಧ ಹಿಂದಕ್ಕೆ.
ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು.

"ಈಗ ನೂಕು. ಪ್ರತಿ ಹಲ್ಲಿಗೂ ಕಚ್ಚಲು ಏನಾದರೂ ಕೊಡು.
ಬರಿಬಾಯಿ ಆಡಿಸಿದರೆ ಹಲ್ಲು ಬೇಗ ಸವೆಯುತ್ತದೆ."
ನೂಕಿದೆ. ಟ್ರ್ಯಾಕ್ಟರು ಗೊರಕೆ ಹೊಡೆಯಿತು,
ಹೆಚ್ಚಾಯಿತು. ಕೊಂಚ ಸಡಿಲಿಸಿದೆ.
ಆಗ ಹಾರಿತು ನೋಡಿ,
ಪುಡಿಯಲ್ಲ, ದಪ್ಪ ಅವಲಕ್ಕಿಯಂಥ ಹೊಟ್ಟು,
ಮಂಜಿನ ಮೇಲೆ ಹಳದಿ ರಾಶಿ.

ಏವೆರ್ತಿಯ ಕಿವಿ ಹೋಗಿ ಹತ್ತು ವರ್ಷ.
ಚೌಕಟ್ಟಿನ ಕಂಬಕ್ಕೆ ಅಂಗೈ ಒತ್ತಿ ಕೇಳುತ್ತಿದ್ದ.

ಮೂರನೇ ದಿನ ಪೈನ್ ಮರ, ಗಡಿಯ ಕಡೆಯ ದಿಣ್ಣೆಯದು.
ಲೋಹಶೋಧಕ ಹಿಡಿದು ತಡಕಬೇಕಿತ್ತು,
ಚಳಿಗೆ ಅದರ ಬ್ಯಾಟರಿ ಸತ್ತಿತ್ತು.
ವೇಗ ಸರಿಯಿತ್ತು, ಸುತ್ತು ಸರಿಯಿತ್ತು,
ನನಗೆ ಹಾಡಿಕೊಳ್ಳುವಷ್ಟು ಧೈರ್ಯ ಬಂದಿತ್ತು.
ನನ್ನ ಕಿವಿಗೆ ಏನೂ ತಾಕುವ ಮುಂಚೆ
ಮೂರು ಬೆರಳಿನ ಕೈ ಮೇಲೆದ್ದಿತು.
ಬಂಡಿ ಹಿಂದಕ್ಕೆಳೆದೆ, ಅಷ್ಟರಲ್ಲೇ ಠಣ್.
ಒಂದು ಹಲ್ಲು ಮಾಡಿನ ತಗಡನ್ನು ತೂತು ಮಾಡಿ ಹೋಯಿತು.
ಇಬ್ಬರೂ ಆ ತೂತನ್ನೇ ನೋಡಿದೆವು.

ಉಳಿಯಿಂದ ಕೆತ್ತಿ ತೆಗೆದದ್ದು
ಯುದ್ಧದ ಶೆಲ್ಲಿನ ಚೂರು, ಹುಣಸೆಬೀಜದಷ್ಟು.
ಸುತ್ತ ನೀಲಿ ಕಲೆ.
ಅದರಿಂದ ತೊಗಟೆಯವರೆಗೆ ಉಂಗುರ ಎಣಿಸಿದೆವು:
ಎಂಬತ್ತನಾಲ್ಕು.
ಮರವಂತೂ ವರ್ಷಕ್ಕೆ ಒಂದೇ ಎಳೆಯಂತೆ
ಅವಸರವಿಲ್ಲದೆ ನುಂಗಿತ್ತು.
ಏವೆರ್ತಿ ಏನೂ ಅನ್ನಲಿಲ್ಲ. ಕಪಾಟಿನ ಮೇಲಿನ ಡಬ್ಬಿ ತೆಗೆದು
ಅಂಥವೇ ಇನ್ನಷ್ಟರ ಜೊತೆ ಹಾಕಿ ಅಲ್ಲಾಡಿಸಿದ.
"ಇದೂ ಮಾರಾಟದಲ್ಲಿ ಸೇರಿದೆ," ಅಂದ.
ಹೊಸ ಹಲ್ಲು ಕೂಡಿಸಲು ಹತ್ತು ನಿಮಿಷ.

ನಾಲ್ಕನೇ ದಿನ ಬರಲಿಲ್ಲ.
ಒಬ್ಬಳೇ ಕೊಯ್ದೆ, ಕಂಬಕ್ಕೆ ಆಗಾಗ ಅಂಗೈ ಒತ್ತಿ.
ಮೊದಲು ಬರೀ ನಡುಕ. ಆಮೇಲೆ ನಡುಕದೊಳಗೆ ಒಂದು ಸಮತಲ,
ಕೆಳಗೆ ಗಟ್ಟಿ ಮಂಜಿರುವ ರಸ್ತೆಯಲ್ಲಿ ಬಸ್ಸು ಹಿಡಿತ ಕಂಡಂತೆ.

ಸಂಜೆ ಮೂರಕ್ಕೇ ಕತ್ತಲು.
ಬೆಲ್ಟು ಸಡಿಲಿಸಿ ಎಣಿಸತೊಡಗಿದೆ.
ಎಂಬತ್ತನಾಲ್ಕಕ್ಕೆ ಯಾಕೋ ನಿಂತೆ.
ನಿಲ್ಲುವ ಹಾಗಿಲ್ಲ,
ಎಂಬತ್ತೈದು, ಎಂಬತ್ತಾರು,
ನೂರಾದ ಮೇಲೆ ಗವಸು ತೆಗೆದು ಅಂಚು ಮುಟ್ಟಿದೆ.
ಉಗುರುಬೆಚ್ಚಗೆ.
ನಡುವೂ ಅಷ್ಟೇ.