ತಿರುಗಿಸದ ಗಡಿಯಾರ

ಏಪ್ರಿಲ್ ಮೊದಲ ಶನಿವಾರ ನಡುರಾತ್ರಿ
ಸರಕಾರ ನಮ್ಮ ಕಲಾಮಾದ ಗಡಿಯಾರಗಳನ್ನು
ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ.
ಪುಂತಾ ಅರೇನಾಸಿನವು ಹಾಗೇ ಇರುತ್ತವೆ.
ಅಷ್ಟು ದಕ್ಷಿಣದಲ್ಲಿ ಬೆಳಕು ಮೊದಲೇ ಕಮ್ಮಿ,
ಇದ್ದದ್ದನ್ನೂ ಕದಿಯಬೇಡಿ ಎಂದರಂತೆ ಊರವರು.

ಹೀಗೆ, ಒಂದೇ ದೇಶದೊಳಗೆ,
ವರ್ಷಕ್ಕೆ ಐದು ತಿಂಗಳು ನನ್ನ ಗಂಡ
ನನಗಿಂತ ಒಂದು ಗಂಟೆ ಮುಂದೆ ಬದುಕುತ್ತಾನೆ.
'ರಾಯೆನ್, ನಿನಗಿಂತ ಬೇಗ ಮುದುಕನಾಗುತ್ತಿದ್ದೇನೆ'
ಎನ್ನುತ್ತಾನೆ ಎಲಿಸೇಯೊ ಫೋನಿನಲ್ಲಿ,
ಬಾಯಿ ತುಂಬ ಬ್ರೆಡ್ಡು.

ನಾನು ತಾಮ್ರದ ಗಣಿಯಲ್ಲಿ ಡಂಪರ್ ಓಡಿಸುವವಳು.
ಅದರ ಚಕ್ರದ ಪಕ್ಕ ನಿಂತರೆ
ನನ್ನ ತಲೆ ಅಚ್ಚಿನವರೆಗೂ ಬರುವುದಿಲ್ಲ.
ಅವನು ಜಲಸಂಧಿಯಲ್ಲಿ ಟಗ್ ದೋಣಿಯ ಕ್ಯಾಪ್ಟನ್,
ದೊಡ್ಡ ಹಡಗುಗಳನ್ನು ಮೂತಿಯಿಂದ ತಳ್ಳಿ ತಳ್ಳಿ
ದಡಕ್ಕೆ ಹಚ್ಚುವವನು.
ಎತ್ತು ಏರಿಗೆ, ಕೋಣ ನೀರಿಗೆ.
ಕೋಣ ಎಂದರೆ ಅವನಿಗೇನೂ ಬೇಜಾರಿಲ್ಲ.

ಏಳು ದಿನ ಕೆಲಸ, ಏಳು ದಿನ ರಜೆ.
ರಜೆಯಲ್ಲಿ ಎರಡು ದಿನ ವಿಮಾನಗಳಿಗೆ,
ಒಂದು ನಿದ್ದೆಗೆ,
ಒಂದು ಜಗಳಕ್ಕೆ, ಅದೂ ಬೇಕಲ್ಲ,
ಉಳಿದ ಮೂರು, ಅವನ ದೋಣಿಗೆ ಕರೆ ಬರದಿದ್ದರೆ, ನಮಗೆ.

'ಯಾರಾದರೂ ಒಬ್ಬರು ಬಿಟ್ಟುಕೊಡಿ' ಎಂದರು ಅತ್ತೆ.
'ಒಬ್ಬರು' ಎನ್ನುವಾಗ ನನ್ನ ಕಡೆ ನೋಡಿದರು.
'ಇಬ್ಬರೂ ಸ್ಯಾಂಟಿಯಾಗೊಗೆ ಬನ್ನಿ, ನಡುವೆ ಇದೆ' ಎಂದ ಅಣ್ಣ.
ನಡುವೆ ಇದೆ, ನಿಜ.
ಅಲ್ಲಿ ಅವನ ಜಲಸಂಧಿಯಿಲ್ಲ, ನನ್ನ ಗಣಿಯಿಲ್ಲ.
ಸಮಪಾಲು ಅಂದರೆ
ಇಬ್ಬರಿಗೂ ಸಮನಾಗಿ ಇಲ್ಲದಿರುವುದೇ?

ಹೋದ ವರ್ಷ ಅವನಿಗೆ ಆಂತೊಫಗಾಸ್ತಾ ಬಂದರಿನಲ್ಲಿ ಕೆಲಸ ಸಿಕ್ಕಿತ್ತು.
ಇಲ್ಲಿಂದ ಬಸ್ಸಿನಲ್ಲಿ ಮೂರೇ ಗಂಟೆ.
ಬಂದ. ಧಕ್ಕೆಯ ಮೇಲೆ ಬಹಳ ಹೊತ್ತು ನಿಂತ.
'ನೀರು ಚೆನ್ನಾಗಿದೆ' ಎಂದ,
ಪರರ ಮನೆಯ ಸಾರು ಹೊಗಳುವ ದನಿಯಲ್ಲಿ.
ಹೋಗು ಎಂದವಳು ನಾನೇ.
ಬಸ್ಸು ತಿರುವು ದಾಟಿದ ಮೇಲೆ,
ಯಾಕೆ ಹೋದ ಎಂದು ಅತ್ತವಳೂ ನಾನೇ.
ಅವರಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ ಈಗ,
ಬೆನ್ನಿಗೆ ಬೆನ್ನು ಕೊಟ್ಟು.

ಈ ಏಪ್ರಿಲಿನಲ್ಲಿ ಅಡುಗೆಮನೆಯ ಗಡಿಯಾರ
ನಾನು ತಿರುಗಿಸಲಿಲ್ಲ.
ಪ್ರೀತಿ ಅನ್ನಲಾರೆ, ಸ್ಟೂಲು ಮುರಿದಿತ್ತು.
ಆದರೂ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದರೆ
ಗೋಡೆಯ ಮೇಲೆ ಐದೂವರೆ.
ಅಲ್ಲಿ ಈಗ ಹಗ್ಗ ಎಸೆಯುತ್ತಿರಬೇಕು,
ಕೈಗವಸು ಒದ್ದೆಯಾಗಿರಬೇಕು,
ಯಾರಿಗೋ ಬೈಯುತ್ತಿರಬೇಕು.

ಬಸ್ಸಿನ ಹಾರನ್.
ಹೆಲ್ಮೆಟ್ಟು ಎಲ್ಲಿಟ್ಟೆ?