ಹಸಿರು ಚಿಂದಿ

ಖಡಕಿ ಡಿಪೋದ ಮೂರನೇ ಮೇಜು,
ರೈಫಲ್ ನಂಬರ್ ನಲವತ್ತೊಂದು.
ಮೊದಲನೇ ಚಿಂದಿ ಕರ್ರಗ ಬಂತು, ಒಲಿ ಮಸಿ ಹಂಗ.
ಹತ್ತನೇದು ಬೂದಿ.
ಇನ್ನೇನು ಮುಗೀತಂತ ಚಾ ಹೇಳಿ ಕಳಿಸಿದೆ,
ಹನ್ನೊಂದನೇದು ಹಸಿರು:
ಗುಡಿ ಗಂಟಿಗೆ ಹತ್ತಿದ ಕಿಲುಬಿನ ಹಸಿರು.

ಧುಮಾಳ ಮೇಸ್ತ್ರಿ ಹೇಳತಿದ್ದ,
ಬಾಯಿಂದ ತುರುಕಬ್ಯಾಡಪಾ, ಬೆನ್ನಿಂದ ಹೋಗು,
ಬಾಯಂಚು ಒಂದು ಕೂದಲೆಳಿ ಸವದರ
ಗುಂಡಿಗೆ ದಾರಿ ತಪ್ಪತದ.

ಅಮೋನಿಯಾ ನಾತ. ಕಣ್ಣಾಗ ನೀರು.
ಬಾಗಲಾಗ ನಿಂತ ಸಿಪಾಯಿ ಕೇಳಿದ,
"ಯಾಕ್ರಿ ಕಾಕಾ, ಊರ ನೆನಪಾತೇನು?"
"ಇಲ್ಲೋ, ತಾಮ್ರ."

ಗುಂಡು ಹ್ವಾದ ಮ್ಯಾಲೂ ಗುಂಡಿನ ಅಂಗಿ
ಒಳಗ ಉಳದಿರತದ.
ಎಲ್ಲಿ ಹೋತು, ಯಾರಿಗೆ ಹತ್ತಿತು,
ನನ್ನ ರಜಿಸ್ಟರಿನಾಗ ಆ ಕಾಲಮ್ಮಿಲ್ಲ.
ನಂಬರು, ತಾರೀಖು, ಸಹಿ.

ಸಂಜಿಗೆ ನಳಿಗ್ಯಾಗ ಕಣ್ಣಿಟ್ಟೆ:
ಸುರುಳಿ ಸುರುಳಿ ಹೊಳಪು, ಆ ತುದಿಗೆ
ಹೆಸರುಕಾಳಿನಷ್ಟು ಆಕಾಶ.
ಅದರಾಗ ಲೋಣಾವಳದ ಲೋಕಲ್ ಒಂದು
ಪೂರಾ ಹಾದುಹೋತು.

ಎಣ್ಣಿ ಸವರಿ ಇಟ್ಟೆ. ಸಹಿ ಮಾಡಲಿಲ್ಲ.
ಮುಂಜಾನೆ ಮತ್ತೊಂದು ಬಿಳಿ ಚಿಂದಿ ಹಾಕಬೇಕು;
ರಾತ್ರಿ ಒಳಗಿಂದ ಏನು ಬಿಡತದೋ, ಬಿಡಲಿ.